ಅಸಲು

ಫೋನು ಬಂದಾಗ ನಾನು ಬೈತಖೋಲ ತಿರುವಿನಲ್ಲಿ,
ಟೆಂಪೊದೊಳಗೆ, ಒಂಟಿ ಕಾಲಿನ ಮೇಲೆ.
"ಸುಲಕ್ಷಾ ಮೇಡಂ, ಮಡಗಾಂವದಲ್ಲಿ ಒಳ್ಳೆಯ ಕೆಲಸ ಇದೆ.
ಈಗ ನಿಮಗೆ ಹದಿನೆಂಟು ಸಾವಿರದ ಆರುನೂರ ನಲವತ್ತು,
ನಾವು ಹತ್ತೊಂಬತ್ತೂವರೆ ಕೊಡುತ್ತೇವೆ."

ಆ ನಲವತ್ತನ್ನೂ ಬಿಟ್ಟಿಲ್ಲ ಪುಣ್ಯಾತ್ಮ.

ಮನೆಯಲ್ಲಿ ಹದಿನೇಳು ಅಂತ ಹೇಳಿದ್ದೇನೆ.
ಮಿಕ್ಕಿದ್ದು ತಂಗಿಯ ನರ್ಸಿಂಗ್ ಫೀಸಿಗೆ.
ಗಂಡನಿಗೆ, ಸದಾಶಿವಗಡದ ಅತ್ತೆಗೆ ಗೊತ್ತಿಲ್ಲದ ಲೆಕ್ಕ
ಯಾವುದೋ ಊರಿನ ಹುಡುಗನ ನಾಲಗೆ ಮೇಲೆ.

ಯಾರು ಹೇಳಿದರು ಅಂತ ಯಾರನ್ನು ಕೇಳಲಿ?
ತಿಂಗಳ ಇಪ್ಪತ್ತೆಂಟಕ್ಕೆ ಬಿಣಗಾ ಆಫೀಸಿನಲ್ಲಿ ಕೂತು
ನೂರಾ ಹನ್ನೆರಡು ಜನರ ಪಗಾರ ಪಟ್ಟಿ
ಮೇಲೆ ಕಳಿಸುವವಳು ನಾನೇ:
ವೆಲ್ಡರ್ ಗುನಗಿಯ ಓವರ್‌ಟೈಮು,
ಕ್ರೇನಿನ ಪಾಸ್ಕೋಲನ ಸಾಲದ ಕಂತು,
ಬಾಣಂತಿ ಶಬಾನಾಳ ಕಡಿದ ದಿನಗಳು.
'ಒಪ್ಪಿದೆ' ಎಂಬ ಚೌಕಕ್ಕೆ ಟಿಕ್ಕು ಹಾಕಿದವಳೂ ನಾನೇ,
ಓದದೆ,
ಕರೆಂಟು ಹೋಗುವುದರೊಳಗೆ.

ಸಂಜೆ ಮೀನುಪೇಟೆಯಲ್ಲಿ ಸುಮ್ಮನೆ ಕೇಳಿದೆ
ರುಕ್ಮಾಬಾಯಿ ತಾಂಡೇಲಳನ್ನು,
ಈ ಬಂಗಡೆ ನಿನಗೆ ಬಿದ್ದದ್ದು ಎಷ್ಟಕ್ಕೆ?
ಒದ್ದೆ ಗೋಣಿಯನ್ನು ಬುಟ್ಟಿಯ ಮೇಲೆ ಎಳೆದುಕೊಂಡು ನಕ್ಕಳು:
"ಅಸಲು ಬಾಯಿಬಿಟ್ಟರೆ
ಮತ್ತೆ ಚೌಕಾಸಿಗೆ ಏನು ಉಳೀತು, ಬಾಯಿ?"

ಬಸ್‌ಸ್ಟ್ಯಾಂಡಿನ ಹತ್ತಿರ ಮತ್ತೆ ಅದೇ ಹುಡುಗ.
"ಯೋಚಿಸಿದಿರಾ ಮೇಡಂ?"
ಇಪ್ಪತ್ತೈದು, ಅಂದೆ.
ಆ ಕಡೆ ಕೀಬೋರ್ಡು ಟಕಟಕ.
"ಆದರೆ ಮೇಡಂ, ಈಗ ನಿಮಗೆ…"

ಕಟ್ ಮಾಡಿದೆ.
ಚೀಲದಿಂದ ಬಂಗಡೆ ನೀರು ಸೀರೆಗೆ ಸೋರುತ್ತಿತ್ತು.
ನಾಳೆ ಇಪ್ಪತ್ತೆಂಟು.
ಗುನಗಿ ಈ ಸಲವೂ
ಮೂವತ್ತೊಂದು ತಾಸು ಹೆಚ್ಚು ದುಡಿದಿದ್ದಾನೆ.