ಷರಾ

ಪಾಟರಿ ಟೌನಿನಡಿ ಮೆಟ್ರೋ ಸುರಂಗ ಕೊರೆಯುತ್ತಿದ್ದ ವರ್ಷ
ನಮ್ಮ ದಾಖಲೆಕೋಣೆಯ ಕಬ್ಬಿಣದ ಕಪಾಟುಗಳು
ಮಧ್ಯಾಹ್ನದ ಹೊತ್ತು ಮೆಲ್ಲಗೆ ಹಲ್ಲು ಕಡಿಯುತ್ತಿದ್ದವು.
ಅಲ್ಲಿ ನನ್ನ ಕೆಲಸ
ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯುವುದು,
ಬೆಳ್ಳಿಹುಳ ತಿಂದ ಕಡೆ ತೆಳುಕಾಗದ ಅಂಟಿಸುವುದು,
ಹುಳ ತಿಂದದ್ದು ಯಾವ ಅಕ್ಷರವೆಂದು ಊಹಿಸದಿರುವುದು.

ಊಹಿಸಬಾರದು. ಅದು ನಿಯಮ.

ಪೆಟ್ಟಿಗೆ ನಲವತ್ತೊಂದರಲ್ಲಿ ಪಶ್ಚಿಮ ಆಫ್ರಿಕಾದ ರಿಜಿಸ್ಟರೊಂದು
ಯಾವ ಹಡಗಿನ ತಪ್ಪಿಗೋ ಇಲ್ಲಿ ಬಂದು ಕೂತಿದೆ.
ಅದನ್ನೂ ಚಿಂತಾಮಣಿ ಕಡೆಯದನ್ನೂ
ಒಂದು ದಿನ ಅಕ್ಕಪಕ್ಕ ಬಿಚ್ಚಿದೆ.
ಒಂದೇ ಅಚ್ಚುಕೂಟದ ಗೆರೆ, ಒಂದೇ ಅಳತೆ:
ಹೊಸ ಹೆಸರಿಗೆ ನಾಲ್ಕು ಬೆರಳು,
ಹಳೆಯ ಹೆಸರಿಗೆ ಎರಡು,
ಷರಾ ಎಂಬಲ್ಲಿ ಉಗುರಿನಷ್ಟು ಜಾಗ.
ಎರಡು ಖಂಡಗಳ ಮಕ್ಕಳು
ಆ ಎರಡು ಬೆರಳಗಲದಲ್ಲಿ ಕಾಲು ಮಡಚಿ ಮಲಗಿದ್ದರು.

ತಬಿತಮ್ಮ ಲಿಂಗರಾಜಪುರದಿಂದ ಬಂದರು,
ಆಟೋದವನ ಜೊತೆಗಿನ ಜಗಳ ಇನ್ನೂ ಬಾಯಲ್ಲೇ ಇತ್ತು.
ಎಂಬತ್ತಮೂರು ವರ್ಷ. ನರ್ಸ್ ಆಗಿದ್ದವರು;
ಚಪ್ಪಲಿ ಸದ್ದಾಗದಂತೆ ನಡೆಯುವುದು ಮರೆತಿಲ್ಲ.
"ನಮ್ಮಜ್ಜಿ ಲುದ್ಯ. ಧಾತು ಬರದಲ್ಲಿ ಸಿಕ್ಕಿದ ಮಗುವಂತೆ.
ಎಲ್ಲಿಂದ, ಯಾರ ಪೈಕಿ, ಸಾಯೋವರೆಗೂ ಬಾಯಿ ಬಿಡಲಿಲ್ಲ."

ಮೊದಲು ಅಚ್ಚಾದ ವರದಿ ತೋರಿಸಿದೆ.
ಅದರಲ್ಲಿ ದೊರೆಸಾನಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ:
ಹಣೆಗೆ ನೀರು ಬಿದ್ದೊಡನೆ ಆ ಪುಟ್ಟ ಆತ್ಮ
ಆನಂದದಿಂದ ಅತ್ತಿತು.
ಅದನ್ನೋದಿದ ದೂರದ ಹೆಂಗಸರು
ಎಂಟು ಪೌಂಡು, ಒಂದು ಮೂಟೆ ಉಣ್ಣೆಯ ಕಾಲುಚೀಲ ಕಳಿಸಿದ್ದಕ್ಕೆ
ರಸೀತಿ ಇದೆ.
"ಚಿಂತಾಮಣಿ ಬಿಸಿಲಿಗೆ ಕಾಲುಚೀಲ!" ಎಂದರು ತಬಿತಮ್ಮ.

ಆಮೇಲೆ ರಿಜಿಸ್ಟರು.
ನೂರ ಹದಿನೆಂಟು. ಹೊಸ ಹೆಸರು: ಲುದ್ಯ.
ಹಳೆಯ ಹೆಸರು: ಅಡ್ಡಗೆರೆ.
ಷರಾದಲ್ಲಿ ಉಪದೇಶಿ ಮೀಕ
ಪೆನ್ಸಿಲಿನಲ್ಲಿ ಇರುವೆ ಸಾಲಿನಂಥ ಕನ್ನಡ ಬರೆದಿದ್ದಾನೆ.
ಉಗುರಿನಷ್ಟು ಜಾಗ ಸಾಲದೆ ಅದು ಅಂಚು ದಾಟಿ
ಹೊಲಿಗೆಯ ಸಂದಿಗೆ ಇಳಿದಿದೆ.
ಪುಟ ಬಾಗಿಸಿ, ದೀಪ ಓರೆ ಮಾಡಿ ಓದಿದೆ:
ಮಗು ಅಳುತ್ತದೆ. ಮುದ್ದೆ ಕೇಳುತ್ತದೆ.
ಸೊಣ್ಣಿ ಎಂದರೆ ತಿರುಗಿ ನೋಡುತ್ತದೆ.

ಸದ್ದು ಮಾಡಬೇಡಿ ಎಂಬ ಹಲಗೆಯ ಕೆಳಗೆ
ತಬಿತಮ್ಮ ಜೋರಾಗಿ ನಕ್ಕುಬಿಟ್ಟರು.
"ಸೊಣ್ಣಿಯಾ? ಅದು ನಮ್ಮನೆ ಕೋಳಿ!"

ಅಜ್ಜಿ ಸಾಕಿದ ಕೋಳಿಗೆಲ್ಲ ಅದೇ ಹೆಸರಂತೆ.
ಒಂದನ್ನು ಮುಂಗುಸಿ ಹಿಡಿದರೆ ಮುಂದಿನದೂ ಸೊಣ್ಣಿ.
ನಾಯಿಗೆ, ಮೇಕೆಗೆ ಬೇರೆ ಬೇರೆ ಹೆಸರು.
ಸಂಜೆ ಮಂಕರಿ ಹಿಡಿದು ಹಿತ್ತಿಲಲ್ಲಿ ನಿಂತು
"ಬಾರೇ ಸೊಣ್ಣೀ, ಕತ್ತಲಾಯ್ತು, ಒಳಗೆ ಬಾರೇ"
ಎಂದು ಕರೆಯುವಾಗ ಆ ದನಿಯೇ ಬೇರೆಯಂತೆ,
ವೇದಪಾಠ ಓದುವ ದನಿಯಲ್ಲ.
ಕ್ರಿಸ್‌ಮಸ್ಸಿಗೂ ಕೊಯ್ಯಲು ಬಿಡುತ್ತಿರಲಿಲ್ಲ;
ಪಾದ್ರಿ ಊಟಕ್ಕೆ ಬಂದರೂ ಹುರುಳಿಸಾರೇ.

ಹೇಳುತ್ತ ಹೇಳುತ್ತ ಅವರ ನಗು ಎಲ್ಲೋ ನಿಂತಿತು.
ಯಾವ ಮಾತಿನಲ್ಲಿ ಎಂದು ನಾನು ಗಮನಿಸಲಿಲ್ಲ.
ಕನ್ನಡಕ ಒರೆಸಿದರು. ಇನ್ನೊಮ್ಮೆ ಒರೆಸಿದರು.
"ನಾವು ಮಕ್ಕಳು ಆ ಕೋಳಿಗೆ ಕಲ್ಲು ಹೊಡೀತಿದ್ವಿ" ಎಂದರು.

ಝೆರಾಕ್ಸ್ ಬೇಕೇ ಎಂದೆ. ಬೇಡ.
ಹೊರಡುವಾಗ ಪಕ್ಕದ ಪುಸ್ತಕ ಕಂಡು,
"ಇದು ಯಾರದ್ದು?"
ಆಫ್ರಿಕಾದ್ದು, ಮುಂದಿನ ವಾರ ವಾಪಸು ಕಳಿಸುತ್ತೇವೆ.
"ಅಲ್ಲೂ ಕೋಳಿ ಸಾಕ್ತಾರಲ್ಲ?"

ಅವರು ಹೋದ ಮೇಲೆ
ಆ ರಿಜಿಸ್ಟರಿನ ಷರಾ ಅಂಕಣವನ್ನು ಪುಟಪುಟವಾಗಿ ನೋಡಿದೆ.
ಎಲ್ಲ ಖಾಲಿ.
ಆದರೂ ದೀಪ ಓರೆ ಮಾಡಿದೆ, ಹೊಲಿಗೆಯ ಸಂದಿಗೆ ಬೆಳಕು ಬಿಟ್ಟೆ,
ಪೆನ್ಸಿಲು ಒತ್ತಿದ ಗುರುತೇನಾದರೂ ಇದೆಯೋ ಎಂದು.
ಕೆಳಗೆ ಯಂತ್ರ ಮತ್ತೆ ಶುರುವಾಯಿತು;
ಮೇಜು, ದೀಪ, ಪುಟ, ನನ್ನ ಕೈ ಎಲ್ಲ ಅದುರಿ
ಒಂದು ಗೆರೆ ಇದ್ದಂತೆ ಕಂಡಿತು.