ಕೂದಲೆಳೆಯಷ್ಟು ಬಿಗಿ

ತ್ಸುಬಾಮೆ ಊರಿನಲ್ಲಿ ಹಿತ್ತಾಳೆ ಬಡಿಯುವವರ ಓಣಿ.
ನಾನು ಹಾನ್‌ಜಿರೊ. ಅಪ್ಪನದೇ ಸುತ್ತಿಗೆ, ಅಪ್ಪನದೇ ಕೆಮ್ಮು.
ಕಿಸೆರು ಮಾಡುತ್ತೇನೆ: ಗೇಣುದ್ದದ ಪೈಪು,
ತುದಿಗೆ ಬಟಾಣಿ ಹಿಡಿಯುವಷ್ಟು ಲೋಹದ ಬಟ್ಟಲು,
ನಡುವೆ ಬಿದಿರಿನ ಕೊಳವೆ, ಕೊನೆಗೆ ತುಟಿಗೊಂದು ಲೋಹದ ಮೂತಿ.

ಕೂದಲಿನಂತೆ ಕೊಯ್ದ ಹೊಗೆಸೊಪ್ಪು, ಬೆರಳಲ್ಲಿ ಉರುಟಿ
ಒಂದು ಉಂಡೆ. ಮೂರು ದಮ್ಮು. ಆಮೇಲೆ
ಬೂದಿಯ ಬಿದಿರಿಗೆ ಟಣ್ ಎಂದು ಕುಟ್ಟಿದರೆ ಮುಗಿಯಿತು.
ಮೂರೇ ದಮ್ಮಿನ ಸುಖಕ್ಕೆ ಎಷ್ಟೊಂದು ಕೊಳೆ ನೋಡಿ,
ಕೊಳವೆಯೊಳಗೆ ಜೇನಿನಷ್ಟು ಮಂದ, ಜೇನಲ್ಲದ ಕಪ್ಪು.
ಎಳೆದರೆ ಗೊರಗೊರ. ನಾಲಿಗೆಗೆ ಕಹಿ ಹನಿ.
ಹೆಂಡತಿ ಹಳೆಯ ಲೆಕ್ಕದ ಪುಸ್ತಕ ಹರಿದು
ಕಾಗದ ಹೊಸೆದು ಬತ್ತಿ ಮಾಡಿ ಕೊಡುತ್ತಿದ್ದಳು;
ತೂರಿಸಿ ಎಳೆದರೆ
ಯಾರದೋ ಬಾಕಿ, ಯಾರದೋ ಜಮಾ
ಮಸಿಯಾಗಿ ಹೊರಬರುತ್ತಿತ್ತು.

ಪೇಟೆಯಲ್ಲಿ ಎಲ್ಲರೂ ಸಿಗರೇಟಿಗೆ ತಿರುಗಿದ ವರ್ಷ.
ಸೇದಿ ಎಸೆದರಾಯಿತು, ತೊಳೆಯುವ ಕಾಟವಿಲ್ಲ.
ಹಾಗಾದರೆ ಕೊಳೆಯಾಗದ ಕಿಸೆರು ಒಂದನ್ನು
ನಾನೇ ಮಾಡುತ್ತೇನೆ ಎಂದು ಕೂತೆ.

ಮೊದಲನೆಯದು ತುದಿಯಿಂದ ತುದಿಗೆ ಹಿತ್ತಾಳೆ.
ಸಂದೇ ಇಲ್ಲದಲ್ಲಿ ಕೊಳೆ ಕೂರುವುದೆಲ್ಲಿ?
ಕೂರಲಿಲ್ಲ ನಿಜ. ನೇರ ಬಾಯಿಗೇ ಬಂತು.
ಹೊಗೆ ಬೆವರಿತು, ಬೆವರು ಹರಿಯಿತು,
ಮೂರನೆಯ ದಮ್ಮಿಗೆ ತುಟಿ ಸುಟ್ಟು
ಎರಡು ದಿನ ಮಿಸೊ ಸಾರು ಕುಡಿಯಲಾಗಲಿಲ್ಲ.

ಎರಡನೆಯದಕ್ಕೆ ಬಟ್ಟಲಿನ ಕೆಳಗೊಂದು ಪುಟ್ಟ ಗುಂಡಿ,
ತಿರುಪಿನ ಮುಚ್ಚಳ. ಹನಿಯೆಲ್ಲ ಅಲ್ಲಿಳಿಯಲಿ, ತೆರೆದು ಚೆಲ್ಲಲಿ.
ತಿಂಗಳಾದ ಮೇಲೆ ತಿರುಪಿಗೇ ಅಂಟು ಹಿಡಿದು
ಇಕ್ಕಳಕ್ಕೂ ಬಗ್ಗಲಿಲ್ಲ. ಈಗಲೂ ಕಪಾಟಿನಲ್ಲಿದೆ,
ಒಳಗೇನಿದೆಯೋ ದೇವರೇ ಬಲ್ಲ.

ತೂತು ಹಿಗ್ಗಿಸಿದೆ: ಕಿಡಿಯೇ ಗಂಟಲಿಗೆ.
ಕುಗ್ಗಿಸಿದೆ: ಮುಚ್ಚಿದ ಬಾಗಿಲಿನ ಸಂದಿಯಲ್ಲಿ
ಉಸಿರು ಬೇಡಿದ ಹಾಗೆ.
ಒಂದು ಮಾತ್ರ ಗೊತ್ತಾಯಿತು, ತೂತು ಬಟ್ಟಲಿನ ತಳವನ್ನೇ ಮುಟ್ಟಬೇಕು,
ಅಕ್ಕಿಕಾಳಿನಷ್ಟು ಮೇಲಾದರೂ ತಳದ ಸೊಪ್ಪು
ಉರಿಯದೆ ಕೊಳೆಯುತ್ತದೆ.

ಓತ್ಸುನೆ ಬರುವುದು ತಿಂಗಳಿಗೆರಡು ಸಲ.
ಗಂಡನ ಕೈಗಾಡಿ, ಅವನು ತೀರಿಕೊಂಡ ಮೇಲೆ ಅವಳದು.
ಗಾಡಿಯ ಮೇಲೆ ಬಾಯ್ಲರು, ಬಾಯ್ಲರಿನ ನೆತ್ತಿಗೆ ಸೀಟಿ,
ಹಿಮ ಬಿದ್ದ ಓಣಿಯಲ್ಲೂ ಪೀ... ಎಂದು
ಅವಳಿಗಿಂತ ಮೊದಲು ಅದು ಬರುತ್ತದೆ.
ಹಬೆ ಕೊಟ್ಟು ಮಸಿ ಸಡಿಲಿಸಿ
ಹಳೆಯ ಬಿದಿರು ಕಿತ್ತು ಹೊಸದು ತುರುಕಿ
ಚಿಲ್ಲರೆ ಎಣಿಸಿಕೊಳ್ಳುತ್ತಾಳೆ.

ನನ್ನ ಹಿತ್ತಾಳೆಯದನ್ನು ಸೇದಿ ನೋಡಿ ಉಗಿದಳು. ನಗಲಿಲ್ಲ.
ಬುಟ್ಟಿಯಿಂದ ಬಿಸಾಡುವ ಬಿದಿರೊಂದನ್ನು ತೆಗೆದು
ಚಾಕುವಿನಲ್ಲಿ ಉದ್ದಕ್ಕೆ ಸೀಳಿ ನನ್ನ ಮಣೆಯ ಮೇಲಿಟ್ಟಳು.
ಹೊರಗೆ ಹಳದಿ. ಒಳಗೆ ಅರ್ಧ ಗೋಡೆಯವರೆಗೂ ಕಪ್ಪು.
"ಇದು ಕುಡಿದದ್ದು. ನೀನು ಕುಡಿಯದೆ ಉಳಿದದ್ದು."

ಆ ರಾತ್ರಿಯೆಲ್ಲ ಅದನ್ನೇ ಮೂಸುತ್ತ ಕೂತೆ.
ಕೊಳೆಯಾಗದ ಪೈಪಿಲ್ಲ.
ಕೊಳೆ ಹೊರಲು ಒಪ್ಪಿದ ಒಂದು ತುಂಡು ಬೇಕು, ಅದು ಅಗ್ಗದ್ದಿರಬೇಕು,
ಹೋದರೆ ಯಾರೂ ಅಳಬಾರದು
ಎಂದು ನಕ್ಷೆಯ ಅಂಚಿಗೆ ಬರೆಯುವಾಗ ಯಾಕೋ
ಓತ್ಸುನೆಯ ಬೆರಳು ನೆನಪಾದವು.
ಉಗುರಿನ ಬುಡದ ಆ ಬಣ್ಣ ಸೋಪಿಗೆ ಹೋಗುವಂಥದ್ದಲ್ಲ.

ಬಿದಿರು ಬಿದಿರಾಗಿಯೇ ಇರಲಿ,
ಎರಡೂ ಲೋಹದ ಬಾಯಿಗಳಿಗೆ ಒಳಗೊಂದು ಇಳಿಜಾರು ಕೊಟ್ಟೆ.
ತಿರುಚಿದರೆ ಬಿಡುತ್ತದೆ, ಒತ್ತಿದರೆ ಕೂರುತ್ತದೆ.
ಹಬೆ ಬೇಡ, ಬಾಯ್ಲರು ಬೇಡ,
ಕತ್ತಲಲ್ಲಿ ಹಾಸಿಗೆಯಲ್ಲೇ ಕೂತು ಬದಲಿಸಬಹುದು.

ಹಿಮ ಕರಗುವ ವಾರ ಅವಳ ಕೈಗಿಟ್ಟೆ.
ಕಿತ್ತಳು. ಹಾಕಿದಳು. ಇನ್ನೊಮ್ಮೆ ಕಿತ್ತಳು.
ಬೆಳಕಿಗೆ ಹಿಡಿದು ತೂತಿನೊಳಗಿಂದ ನನ್ನನ್ನು ನೋಡಿದಳು.
ಉಂಡೆ ತುಂಬಿ ಸೇದಿದಳು. ಗೊರಗೊರ ಇಲ್ಲ, ಹನಿ ಇಲ್ಲ.
"ಚೆನ್ನಾಗಿ ಎಳೆಯುತ್ತೆ," ಅಂದಳು.
ಆಮೇಲೆ ಒಂದು ಕೊಡ ನೀರು ಕೇಳಿದಳು, ಬಾಯ್ಲರು ಬತ್ತಿತ್ತು.

ಮುಂದಿನ ನೂರು ಪೈಪುಗಳಿಗೆ
ಆ ಇಳಿಜಾರನ್ನು ಕೂದಲೆಳೆಯಷ್ಟು ಬಿಗಿ ಮಾಡಿದೆ.
ಸಡಿಲಾದರೆ ಗಾಳಿ ಸೋರುತ್ತದೆ, ಅದಕ್ಕೆ,
ಎಂದೆ ಹೆಂಡತಿಗೆ.
ಬರಿಗೈಗೆ ಬಿಡುವುದಿಲ್ಲ ಈಗ.
ಸ್ವಲ್ಪ ಹಬೆ ಬೇಕು.