ಮೋಂಬತ್ತಿಯ ತುಂಡು

ಸುರಂಗ ಕೊರೆಯುವವನನ್ನು ಕಟ್ಟಿಕೊಂಡವಳು ನಾನು.
ಊರ ಹೆಸರೇ ಬಾಯಾರು, ನೀರಿನ ಸುದ್ದಿ ಬೇರೆ ಹೇಳಬೇಕೆ.
ಇಲ್ಲಿ ಕೆಳಕ್ಕೆ ತೋಡಿದರೆ ಸಾಲದು,
ಗುಡ್ಡದ ಹೊಟ್ಟೆಗೆ ಅಡ್ಡಡ್ಡ ನುಗ್ಗಬೇಕು,
ಒಬ್ಬ ಕುಕ್ಕರುಗಾಲಲ್ಲಿ ಕೂರುವಷ್ಟೇ ಜಾಗ,
ಮೂವತ್ತು ಕೋಲು, ನಲವತ್ತು ಕೋಲು,
ಮುರಕಲ್ಲು ಬೆವರುವ ತನಕ.

ಇನಾಸನ ಚೀಲದಲ್ಲಿ ಪಿಕ್ಕಾಸು, ಗಂಜಿ,
ಮತ್ತೆ ಅಲ್ತಾರಿನಿಂದ ಕಿತ್ತ ಮೋಂಬತ್ತಿಯ ತುಂಡು.
ಉರಿ ಸಣ್ಣಗಾದರೆ ಗಾಳಿ ಮುಗಿಯಿತೆಂದು ಲೆಕ್ಕ,
ಹಿಂದೆ ಬರಬೇಕು.
ತೇರ್ಸಿಗೆ ಹಚ್ಚಿದ್ದು ಕೂಲಿಗೂ ಬರಲಿ, ಹಾಳಾಗಬಾರದು
ಎಂಬುದು ಅವನ ನ್ಯಾಯ.
ದೇವರೇ, ನೀನು ಅದಕ್ಕೆ ಬೇಸರಿಸಿದ್ದನ್ನು ನಾನು ಕಾಣೆ.

ನಾನು ಬೀಡಿ ಕಟ್ಟುವವಳು.
ಇಪ್ಪತ್ತೈದಕ್ಕೊಂದು ಕಟ್ಟು,
ಹತ್ತು ನಮಾನ್ ಮೊರಿಯೆಗೊಂದು ಆಮ್ಚ್ಯಾ ಬಾಪಾ,
ಎರಡೂ ಬೆರಳಿಗೆ ರೂಢಿ.
ಮಕ್ಕಳು ಹೊಟ್ಟೆಯಲ್ಲಿದ್ದಾಗಲೇ ಈ ಎಣಿಕೆ ಕೇಳಿದವರು.
ಪ್ರಾರ್ಥನೆ ಕೊಂಕಣಿಯಲ್ಲಿ, ಶಾಲೆ ಕನ್ನಡದಲ್ಲಿ,
ಅಂಗಳದಲ್ಲಿ ತುಳು, ಪಂಚಾಯತಿನ ಕಾಗದಕ್ಕೆ ಮಲಯಾಳ.
ಯಾವುದರಲ್ಲಿ ಕರೆದರೂ ನೀನು ಓಗೊಡುತ್ತೀ
ಎಂದು ಕಲಿಸಿದ್ದೆ. ಅಷ್ಟು ಸಾಕೆಂದುಕೊಂಡಿದ್ದೆ.

ಏಪ್ರಿಲಿನಲ್ಲಿ, ಸಂಜೆಮಳೆ ಹೊಡೆದ ಮರುದಿನ
ಸುರಂಗದ ಬಾಯಿಯಲ್ಲಿ ಮಣ್ಣು ಜರಿಯಿತು.
ಇನಾಸ ಒಳಗೆ. ಮೂರು ಗಂಟೆ.
ಅದ್ರಾಮ ಹಾರೆ ಬಿಸಾಡಿ ಕೈಯಲ್ಲೇ ತೋಡಿದ,
ಎರಡು ಉಗುರು ಹೋಯಿತು.
ನಾನು ಗೇರುಮರದ ಬುಡದಲ್ಲಿ ಮೊಣಕಾಲೂರಿ
ಮಣಿ ತಪ್ಪಿಸಿ ತಪ್ಪಿಸಿ ಎಣಿಸಿದೆ.
ಮೆಲ್ವಿಟಾ ಮಣ್ಣಿನ ಬುಟ್ಟಿ ಹೊತ್ತಳು.

ಎಂಟು ದಿನ ಕಳೆದು, ತೇರ್ಸಿನ ಹೊತ್ತು,
ಮೂರನೆಯ ರಹಸ್ಯದ ನಡುವೆ ನಿಲ್ಲಿಸಿ ಕೇಳಿದಳು:
"ಅಮ್ಮಾ, ಅಪ್ಪನನ್ನು ಹೊರಗೆ ತಂದದ್ದು
ದೇವರೋ, ಅದ್ರಾಮ ಮಾಮನೋ?"
ಒಂಬತ್ತನೆಯ ತರಗತಿ.
ವ್ಯಾಕರಣದ ಸಂದೇಹ ಕೇಳುವ ಧ್ವನಿ.
ಆಶ್ಲಿನ್ ನನ್ನ ಕೈ ನೋಡಿದ,
ಈಗ ಅಕ್ಕನಿಗೆ ಬೀಳುತ್ತದೆಂದು.

ಹೊಡೆಯಬಹುದಿತ್ತು. ನನ್ನಮ್ಮ ಹೊಡೆಯುತ್ತಿದ್ದಳು.
ಪಾದ್ರಿಗಳಲ್ಲಿ ಕೇಳು ಎನ್ನಬಹುದಿತ್ತು.
ಇಬ್ಬರೂ ಸೇರಿ ಎನ್ನಬಹುದಿತ್ತು,
ನಾಲಿಗೆಯ ತುದಿಗೆ ಬಂದದ್ದೂ ಹೌದು;
ಅದ್ರಾಮನ ಬೆರಳು ಕಣ್ಣ ಮುಂದೆ ಬಂದು
ಅಷ್ಟು ಸುಲಭದ ಮಾತು ಹೊರಡಲಿಲ್ಲ.

ಇನಾಸ ಗೋಡೆಗೊರಗಿದ್ದ.
"ತೋಡಿದ್ದು ಅದ್ರಾಮ" ಎಂದ.
"ಒಳಗೆ ನಾನು ನಮಾನ್ ಮೊರಿಯೆ ಶುರು ಮಾಡಿದೆ ಮಗಳೇ,
ಅರ್ಧಕ್ಕೆ ಮರೆತುಹೋಯಿತು.
ನಲವತ್ತು ವರ್ಷ ಹೇಳಿದ್ದು, ನೋಡು.
ಮತ್ತೆ ನಿಮ್ಮಿಬ್ಬರ ಹೆಸರು ಹೇಳುತ್ತಾ ಕೂತೆ.
ಅದನ್ನೇ ಪ್ರಾರ್ಥನೆಯೆಂದು ತೆಗೆದುಕೊಂಡನೋ ಏನೋ.
ನನಗೆ ಗೊತ್ತಿಲ್ಲ."

ನಾಲ್ಕನೆಯದನ್ನು ಯಾರೂ ಎತ್ತಲಿಲ್ಲ.
ಕೊನೆಗೆ ಆಶ್ಲಿನನೇ, ತಪ್ಪುತಪ್ಪಾಗಿ.

ಅಂದಿನಿಂದ ಅವಳು ತೇರ್ಸಿಗೆ ಕೂರುತ್ತಾಳೆ,
ತುಟಿ ಅಲ್ಲಾಡುವುದಿಲ್ಲ.
ನನ್ನ ಬೀಡಿಕಟ್ಟಿನಲ್ಲಿ ಇಪ್ಪತ್ತನಾಲ್ಕು, ಇಪ್ಪತ್ತಾರು,
ಡಿಪೋದವ ಎರಡು ಸಲ ವಾಪಸು ಕೊಟ್ಟ.
ರಾತ್ರಿ ಇನಾಸನಿಗೆ ಹೇಳಿದರೆ,
"ಪಿಕ್ಕಾಸು ನೀರು ಮಾಡುತ್ತದಾ ಸೆವ್ರಿನ್,
ದಾರಿ ಮಾಡುತ್ತದೆ, ಅಷ್ಟೆ"
ಎಂದು ಮಗ್ಗುಲಾದ. ಅವನಿಗೆ ನಿದ್ದೆ ಬಂತು.
ನನಗೆ ಬರಲಿಲ್ಲ, ನಿನಗೆ ಗೊತ್ತಿದೆ,
ನೀನೂ ಎದ್ದೇ ಇದ್ದೆಯಲ್ಲ.

ಇವತ್ತು ಅವನಿಗೆ ಹೊಸ ಕೆಲಸ, ಪೈವಳಿಕೆಯ ಕಡೆ.
ಗಂಜಿಯ ತೂಕುಪಾತ್ರೆ ಇಡಲು ಚೀಲ ಬಿಚ್ಚಿದೆ.
ತುಂಡು ಇರಲಿಲ್ಲ.
ಪ್ಲಾಸ್ಟಿಕಿನಲ್ಲಿ ಸುತ್ತಿದ ಇಡೀ ಮೋಂಬತ್ತಿ,
ಮೊದಲ ಪರಮಪ್ರಸಾದದ ದಿನ ಅವಳು ಹಿಡಿದದ್ದು,
ರಿಬ್ಬನಿನ ಗುರುತು ಇನ್ನೂ ಇದೆ,
ಬತ್ತಿಯ ತುದಿ ಮಾತ್ರ ಕರಿ.
ಆರು ವರ್ಷ ಟ್ರಂಕಿನಲ್ಲಿ ಬಿಳಿ ಫ್ರಾಕಿನ ಮಡಿಕೆಯೊಳಗಿತ್ತು.
ಜೊತೆಗೆ ಎರಡು ಬೆಂಕಿಪೆಟ್ಟಿಗೆ.

ಬೇಡವೆಂದು ಕೊಟ್ಟಳೋ, ಬೇಕೆಂದು ಕೊಟ್ಟಳೋ.
ಅಂಗಳದ ತುದಿಯಲ್ಲಿ ಹಲ್ಲುಜ್ಜುತ್ತಾ
ಆಚೆ ಗುಡ್ಡ ನೋಡುತ್ತಿದ್ದಳು.
ನಾನು ಚೀಲ ಕಟ್ಟಿದೆ.
ಕಂಡೆನೆಂದು ಹೇಳಲಿಲ್ಲ.
ನೀನೂ ಹೇಳಬೇಡ.